ಟುಟು ಮೊದಲಿಗೆ ಗಿಡ್ಡವಿರಲಿಲ್ಲ

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿಗೆ ಟುಟು ಸ್ಕರ್ಟ್ ತರಬೇಕೆಂದು ಚೀಟಿ ಕಳಿಸಿದ್ದಾರೆ. ಒಂದು ಅಂಗಡಿಯಲ್ಲಿ ತೊಡೆಮಟ್ಟದ ನೆಟ್ ಸ್ಕರ್ಟ್ ತೋರಿಸಿದರು. ಇನ್ನೊಂದರಲ್ಲಿ ಮೀನಖಂಡದವರೆಗೆ ಇಳಿಬೀಳುವ ಫ್ರಾಕ್ ತೋರಿಸಿ 'ಇದೂ ಟುಟುವೇ' ಎಂದರು. ಮನೆಯಲ್ಲಿ ಅತ್ತೆಯವರದು ಒಂದೇ ತಕರಾರು: ಅಷ್ಟು ಗಿಡ್ಡ ಯಾಕೆ? ಯಾವುದು ನಿಜವಾದ ಟುಟು? ಬ್ಯಾಲೆ ಕುಣಿಯುವವರ ಬಟ್ಟೆ ನಮ್ಮ ಮಕ್ಕಳ ಬರ್ತ್‌ಡೇ ಫ್ರಾಕ್ ಆಗಿದ್ದು ಹೇಗೆ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಎರಡೂ ಅಂಗಡಿಯವರು ನಿಮಗೆ ಸುಳ್ಳು ಹೇಳಿಲ್ಲ. ಉದ್ದದ್ದು ಅಜ್ಜಿ, ಗಿಡ್ಡದ್ದು ಮೊಮ್ಮಗಳು. ಅತ್ತೆಯವರ ತಕರಾರಂತೂ ಸುಮಾರು ಮುನ್ನೂರು ವರ್ಷ ಹಳೆಯದು. ಪ್ಯಾರಿಸ್ಸಿನಲ್ಲಿ ಇದೇ ಮಾತಿಗೆ ಜಗಳಗಳಾಗಿವೆ. ಹಾಗಾಗಿ ಅವರನ್ನು ಹಳೇ ಕಾಲದವರು ಎಂದು ಬದಿಗೆ ಸರಿಸಬೇಡಿ, ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಮೊದಲಿಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮಲ್ಲಿ ಆಮಂತ್ರಣ ಪತ್ರಿಕೆಯಲ್ಲಿ 'ಬ್ಯಾಲೆ' ಎಂದು ಅಚ್ಚಾಗಿದ್ದರೆ ಅದು ಬಹುಪಾಲು ನೃತ್ಯರೂಪಕ. ರೇಷ್ಮೆ ಉಟ್ಟು, ಗೆಜ್ಜೆ ಕಟ್ಟಿ ಆಡುವಂಥದ್ದು. ಟುಟು ಸೇರಿರುವುದು ಯುರೋಪಿನ ಬ್ಯಾಲೆಗೆ, ಅದರಲ್ಲೂ ಪ್ಯಾರಿಸ್ಸಿನ ಒಪೆರಾ ರಂಗಮಂದಿರಕ್ಕೆ. ರಂಗದ ಉಡುಪು ಹೊಲಿಯುತ್ತ, ಅದರ ಚರಿತ್ರೆ ಓದುತ್ತ ನಾನು ಕಂಡುಕೊಂಡ ಮಾತು ಇಷ್ಟು: ಟುಟುವಿನ ಅಳತೆಯನ್ನು ಯಾವ ದರ್ಜಿಯೂ ಕೂತು ತೀರ್ಮಾನಿಸಲಿಲ್ಲ. ಕುಣಿಯುವವರ ಕಾಲು ಒಂದು ಕಡೆ ಜಗ್ಗಿತು, ರಂಗದ ದೀಪ ಇನ್ನೊಂದು ಕಡೆ ಜಗ್ಗಿತು, ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕೂತವರ ಕಣ್ಣು ಮತ್ತೊಂದು ಕಡೆ ಜಗ್ಗಿತು.

ಕಾಲಿನಿಂದಲೇ ಶುರು ಮಾಡೋಣ. 1726ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಮಾರಿ ಕಮಾರ್ಗೊ ಎಂಬ ಹದಿಹರೆಯದ ಹುಡುಗಿ ರಂಗಕ್ಕೆ ಬಂದಳು. ಆ ಕಾಲದ ನರ್ತಕಿಯರು ಅರಮನೆಯ ಹೆಂಗಸರ ಹಾಗೆಯೇ ನೆಲ ಮುಟ್ಟುವ ಲಂಗ, ಸೊಂಟದ ಎರಡೂ ಬದಿಗೆ ಬುಟ್ಟಿ ಕಟ್ಟಿದಂಥ ಚೌಕಟ್ಟು, ಹಿಮ್ಮಡಿಯ ಜೋಡು ಇಷ್ಟನ್ನೂ ಹೊತ್ತು ಕುಣಿಯುತ್ತಿದ್ದರು. ನೆಗೆತ, ಗಾಳಿಯಲ್ಲಿ ಪಾದ ತಟ್ಟುವ ಚುರುಕು ಇವೆಲ್ಲ ಗಂಡಸರ ಸೊತ್ತು. ಅದನ್ನೆಲ್ಲ ಕಮಾರ್ಗೊ ಕಲಿತಿದ್ದಳು. ಆದರೆ ಲಂಗದೊಳಗೆ ನಡೆಯುವ ಪಾದದ ಕೆಲಸವನ್ನು ನೋಡುವವರು ಯಾರು? ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿದಳು. ಏರಿಸಿದ್ದು ನಾಲ್ಕು ಬೆರಳಿನಷ್ಟು, ಎದ್ದ ಗುಲ್ಲು ಊರಗಲ. ನೆಗೆಯುವಾಗ ಮಾನ ಹೋಗದಿರಲೆಂದು ಒಳಗೆ ಚಡ್ಡಿ ಹಾಕುವ ಪದ್ಧತಿ ಬಂದದ್ದೂ ಈ ನೆಗೆತದ ದೆಸೆಯಿಂದಲೇ. ಇಂದಿನ ಟುಟುವಿಗೂ ಒಳಗೊಂದು ಚಡ್ಡಿ ಹೊಲಿದೇ ಇರುತ್ತದೆ, ನೆನಪಿಟ್ಟುಕೊಳ್ಳಿ. ಆ ವಿಷಯ ಮತ್ತೆ ಬರುತ್ತದೆ. ಕಮಾರ್ಗೊಳ ಪ್ರತಿಸ್ಪರ್ಧಿ ಮಾರಿ ಸಾಲೆ 1734ರಲ್ಲಿ ಲಂಡನ್ನಿನಲ್ಲಿ ಬುಟ್ಟಿ ಚೌಕಟ್ಟನ್ನೇ ಕಿತ್ತೊಗೆದು, ಕೂದಲು ಇಳಿಬಿಟ್ಟು, ಬರೀ ಮಸ್ಲಿನ್ ಬಟ್ಟೆಯಲ್ಲಿ ಕುಣಿದಳು. ಒಬ್ಬಳು ಉದ್ದ ಕಡಿಮೆ ಮಾಡಿದಳು, ಇನ್ನೊಬ್ಬಳು ಭಾರ ಕಡಿಮೆ ಮಾಡಿದಳು.

ದೀಪದ ಸರದಿ ಬಂದದ್ದು ಸುಮಾರು ನೂರು ವರ್ಷದ ಮೇಲೆ. 1822ರಲ್ಲಿ ಪ್ಯಾರಿಸ್ ಒಪೆರಾದ ರಂಗಕ್ಕೆ ಗ್ಯಾಸ್ ದೀಪ ಬಂತು. ಮೇಣದಬತ್ತಿ, ಎಣ್ಣೆದೀಪಗಳ ಹಳದಿ ಬೆಳಕಿನಲ್ಲಿ ಮಿಂಚಬೇಕೆಂದರೆ ಜರಿ ಬೇಕು, ಬಣ್ಣ ಬೇಕು. ಗ್ಯಾಸಿನ ಬೆಳಕನ್ನೋ, ತಿರುಪು ತಿರುಗಿಸಿದರೆ ಏರಿಸಬಹುದು, ಇಳಿಸಬಹುದು. ಬೆಳಕು ಇಳಿಸಿ ರಂಗವನ್ನು ಬೆಳುದಿಂಗಳಾಗಿಸಿದರೆ ಅದರಲ್ಲಿ ಮಿಕ್ಕೆಲ್ಲಕ್ಕಿಂತ ಹೆಚ್ಚು ಹೊಳೆಯುವುದು ಬಿಳಿ ತೆಳುಬಟ್ಟೆ. 1831ರ ನವೆಂಬರಿನಲ್ಲಿ 'ರಾಬೇರ್ ಲ ಡಿಯಾಬ್ಲ್' ಎಂಬ ಒಪೆರಾದಲ್ಲಿ ಸತ್ತ ಸನ್ಯಾಸಿನಿಯರು ಗೋರಿಯಿಂದೆದ್ದು ಬಿಳಿಯುಟ್ಟು ಕುಣಿಯುವ ದೃಶ್ಯವೊಂದು ಬಂತು. ಮುಂದಾಳಾಗಿ ಕುಣಿದವಳು ಮಾರಿ ತಾಲ್ಯೋನಿ, ಕುಣಿಸಿದವನು ಅವಳ ಅಪ್ಪ ಫಿಲಿಪ್ಪೊ. ನಾಲ್ಕು ತಿಂಗಳ ಮೇಲೆ, 1832ರ ಮಾರ್ಚ್ 12ರಂದು, ಅಪ್ಪ ಮಗಳು ಸೇರಿ 'ಲಾ ಸಿಲ್ಫೀಡ್' ಆಡಿದರು. ಸ್ಕಾಟ್ಲೆಂಡಿನ ಹುಡುಗನೊಬ್ಬ ಮದುವೆಯ ದಿನವೇ ಕಾಡಿನ ಗಾಳಿಯಕ್ಷಿಯ ಬೆನ್ನುಹತ್ತಿ ಹೋಗುವ ಕಥೆ. ಯಕ್ಷಿಗೆ ತೊಡಿಸಿದ್ದು ಮೈಗೆ ಬಿಗಿದ ಕುಪ್ಪಸ, ಬೆನ್ನಿಗೆ ಪುಟ್ಟ ರೆಕ್ಕೆ, ಮೀನಖಂಡದವರೆಗೆ ಗಂಟೆಯಾಕಾರದಲ್ಲಿ ಇಳಿಯುವ ಪದರ ಪದರ ಬಿಳಿ ಲಂಗ. ವಿನ್ಯಾಸ ಯೂಜೀನ್ ಲಾಮಿಯದೆಂದು ಹೇಳುವುದು ವಾಡಿಕೆ. ತಾಲ್ಯೋನಿ ಕಾಲ್ಬೆರಳ ತುದಿಯ ಮೇಲೆ ನಿಲ್ಲುತ್ತಿದ್ದಳು. ಆ ತುದಿ ಕಾಣಲಿ ಎಂದು ಲಂಗ ಮೇಲೇರಿತು, ಆದರೆ ನೆಗೆದು ಇಳಿಯುವಾಗ ಪದರಗಳಲ್ಲಿ ಗಾಳಿ ತುಂಬಿ ನಿಧಾನಕ್ಕೆ ಇಳಿದ ಹಾಗೆ ಕಾಣಲಿ ಎಂದು ಉದ್ದ ಉಳಿಯಿತು. ನಿಮ್ಮ ಎರಡನೇ ಅಂಗಡಿಯವರು ತೋರಿಸಿದ್ದು ಇದರ ವಂಶದ್ದು, ರೊಮ್ಯಾಂಟಿಕ್ ಟುಟು. 1841ರ 'ಜಿಸೆಲ್' ಬ್ಯಾಲೆಯ ಎರಡನೇ ಅಂಕದಲ್ಲಿ ಇವತ್ತಿಗೂ ಇದನ್ನೇ ತೊಡುತ್ತಾರೆ.

ಬಟ್ಟೆಯ ಬಗ್ಗೆಯೂ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಾಗದು. ನಾವು 'ನೆಟ್' ಎನ್ನುವುದರ ಮೂಲ ಹೆಸರು ಟ್ಯೂಲ್. ಫ್ರಾನ್ಸಿನ ಟ್ಯೂಲ್ ಎಂಬ ಪಟ್ಟಣದಿಂದ ಬಂದದ್ದು. ಕೈಯಲ್ಲಿ ಹೆಣೆಯುವವರೆಗೆ ಇದು ಸಿರಿವಂತರ ಬಟ್ಟೆ. 1808 ಮತ್ತು 1809ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಇದನ್ನು ನೇಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಅಗ್ಗವಾಗುತ್ತ ಬಂತು. ಯಂತ್ರದಿಂದ ಕೆಲಸ ಹೋಗುತ್ತದೆಂದು ಸಿಟ್ಟಾದ ಲಡೈಟ್ ಗುಂಪಿನವರು 1816ರಲ್ಲಿ ಲಫ್‌ಬರೋದ ಅವನ ಕಾರ್ಖಾನೆಗೆ ನುಗ್ಗಿ 55 ಯಂತ್ರಗಳನ್ನು ಪುಡಿಮಾಡಿದರು. ಅವನು ಗಂಟುಮೂಟೆ ಕಟ್ಟಿ ಡೆವನ್ ಪ್ರಾಂತ್ಯದ ಟಿವರ್ಟನ್ನಿಗೆ ಹೋದ. ಆ ಕಾರ್ಖಾನೆ ಇನ್ನೂ ಇದೆ. 2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸಿವಿಯರೆನ್ಸ್ ನೌಕೆಯ ಪ್ಯಾರಾಚೂಟ್ ಬಟ್ಟೆ ಅಲ್ಲಿಯದೇ. ಗಾಳಿ ತುಂಬಿಸಿಕೊಂಡು ಮೆಲ್ಲಗೆ ಇಳಿಸುವುದು ಆ ಮನೆತನದ ಕಸುಬು ಎನ್ನಿ. ರಂಗದ ಮೇಲೆ ಟ್ಯೂಲ್ ಜೊತೆಗೆ ಟಾರ್ಲಟನ್ ಎಂಬ ಇನ್ನೊಂದು ಬಟ್ಟೆಯೂ ಇತ್ತು. ವಿರಳ ನೇಯ್ಗೆಯ ಹತ್ತಿ, ಗಟ್ಟಿಯಾಗಿ ಗಂಜಿ ಹಾಕಿದ್ದು. ಬೆವರು ತಾಗಿದರೆ ಜೋತುಬೀಳುವುದು ಅದರ ಒಂದು ದೋಷ. ಎರಡನೆಯ ದೋಷ ಪ್ರಾಣಕ್ಕೇ ಎರವಾಯಿತು.

ಗಂಜಿ ಹಾಕಿದ ತೆಳು ಹತ್ತಿಬಟ್ಟೆ, ಪದರದ ನಡುವೆ ಗಾಳಿ, ಪಕ್ಕದಲ್ಲೇ ಮರೆಯಿಲ್ಲದ ಗ್ಯಾಸ್ ಜ್ವಾಲೆ. ಒಲೆ ಹೊತ್ತಿಸಲು ಇದಕ್ಕಿಂತ ಚೆನ್ನಾದ ಸರಂಜಾಮು ಬೇಕಿಲ್ಲ. 1844ರ ಡಿಸೆಂಬರಿನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಪ್ರೇಕ್ಷಕರ ಕಣ್ಣೆದುರೇ ಉರಿದು, ಕೆಲವೇ ದಿನದಲ್ಲಿ ತೀರಿಕೊಂಡಳು. 1861ರಲ್ಲಿ ಫಿಲಡೆಲ್ಫಿಯಾದಲ್ಲಿ ಬಣ್ಣದ ಕೋಣೆಯಲ್ಲಿ ಒಬ್ಬಳಿಗೆ ತಗುಲಿದ ಬೆಂಕಿ ಬಿಡಿಸಲು ಹೋದವರಿಗೆಲ್ಲ ಹಬ್ಬಿತು. ಆರು ಜನಕ್ಕೆ ಕಡಿಮೆಯಿಲ್ಲದೆ ಸತ್ತರು. ಇವುಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಎಮ್ಮಾ ಲಿವ್ರಿಯ ಕಥೆ. ತಾಲ್ಯೋನಿ ಮುದಿವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಬಂದು ಪ್ರೀತಿಯಿಂದ ತಿದ್ದಿದ ಹುಡುಗಿ ಇವಳು. ಅವಳಿಗೆಂದೇ 1860ರಲ್ಲಿ ತಾಲ್ಯೋನಿ 'ಲ ಪಾಪಿಯೋಂ' ಎಂಬ ಬ್ಯಾಲೆ ಕಟ್ಟಿದಳು, ಸಂಗೀತ ಆಫನ್‌ಬಾಕ್‌ನದು. ಅದರಲ್ಲಿ ಲಿವ್ರಿ ಚಿಟ್ಟೆ. ಪಂಜಿನ ಬೆಂಕಿಗೆ ಹೋಗಿ ಚಿಟ್ಟೆಯ ರೆಕ್ಕೆ ಸುಡುತ್ತದೆ. ಕಥೆ ಕಟ್ಟಿದವರಿಗೆ ಮುಂದಿನದು ಗೊತ್ತಿರಲಿಲ್ಲ.

ಬೆಂಕಿ ತಡೆಯುವ ಉಪಾಯ ಅಷ್ಟುಹೊತ್ತಿಗೆ ಇರಲಿಲ್ಲವೇ ಎಂದರೆ, ಇತ್ತು. ಕಾರ್ತೆರೋನ್ ಎಂಬವನು ಪಟಿಕ, ಬೋರಾಕ್ಸ್ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದುವ ವಿಧಾನ ಕಂಡುಹಿಡಿದಿದ್ದ, 1859ರಲ್ಲಿ ಸರಕಾರದ ಆದೇಶವೂ ಆಗಿತ್ತು. ಆದರೆ ಅದ್ದಿದ ಬಟ್ಟೆ ಮಂಕಾಗುತ್ತದೆ, ಬಿರುಸಾಗುತ್ತದೆ, ಗಾಳಿಯಲ್ಲಿ ತೇಲುವುದಿಲ್ಲ. ಗಾಳಿಯಲ್ಲಿ ತೇಲದ ಯಕ್ಷಿಯನ್ನು ನೋಡಲು ಯಾರು ಬರುತ್ತಾರೆ? ಲಿವ್ರಿ ತನ್ನ ಮಾಮೂಲು ಲಂಗದಲ್ಲೇ ಕುಣಿಯುವೆನೆಂದು ಒಪೆರಾದವರಿಗೆ ಬರೆದುಕೊಟ್ಟಳು. 1862ರ ನವೆಂಬರ್ 15ರಂದು ತಾಲೀಮಿನಲ್ಲಿ ತನ್ನ ಸರದಿಗಾಗಿ ರಂಗದ ಬದಿಯಲ್ಲಿ ಕಾಯುತ್ತಿದ್ದಾಗ, ಕೂರುವ ಮುಂಚೆ ಮುದುಡದಿರಲಿ ಎಂದು ಲಂಗವನ್ನು ಕೊಡವಿ ಎತ್ತಿದಳಂತೆ. ಆ ಗಾಳಿಗೆ ಪಕ್ಕದ ಗ್ಯಾಸ್ ದೀಪದ ಉರಿ ಹಾಯಿತು. ಎಂಟು ತಿಂಗಳು ನರಳಿ, 1863ರ ಜುಲೈ 26ರಂದು ಸತ್ತಾಗ ಅವಳಿಗೆ ಇಪ್ಪತ್ತು ವರ್ಷ. ಅವಳ ಉಡುಪಿನ ಸುಟ್ಟುಳಿದ ತುಂಡುಗಳು ಪ್ಯಾರಿಸ್ ಒಪೆರಾದ ಗ್ರಂಥಾಲಯ ವಸ್ತುಸಂಗ್ರಹಾಲಯದಲ್ಲಿವೆ. ಹುಡುಗಿ ಹಠಮಾರಿ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಕನ್ನು ಬದಲಿಸುವ ಅಧಿಕಾರ ಅವಳದಲ್ಲ, ಲಂಗ ಚೆನ್ನಾಗಿ ಹಾರದಿದ್ದರೆ ಹೋಗುವ ಅನ್ನ ಮಾತ್ರ ಅವಳದು.

ಇನ್ನು ಗಿಡ್ಡದ ವಿಷಯ. 1880, 90ರ ದಶಕದಲ್ಲಿ ಇಟಲಿಯ ನರ್ತಕಿಯರು ಹೊಸ ಕಸರತ್ತು ಕಲಿತರು. ಬೆರಳ ತುದಿಯ ಮೇಲೆ ನಿಂತು ಗಿರಗಿರನೆ ತಿರುಗುವುದು, ಕಾಲನ್ನು ಸೊಂಟದ ಮೇಲಕ್ಕೆ ಎತ್ತಿ ಹಿಡಿಯುವುದು. ಇದನ್ನು ಮಾಡಲು ಮೊಣಕಾಲು ಕಾಣಬೇಕು. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದ ವರ್ಜೀನಿಯಾ ಝುಕ್ಕಿ ಅಲ್ಲಿಯ ಪದ್ಧತಿಯ ಲಂಗ ಅಜ್ಜಿಯರದ್ದೆಂದು ಹಠ ಹಿಡಿದು ಕತ್ತರಿಸಿಕೊಂಡಳೆಂದು ಹೇಳುತ್ತಾರೆ. 1895ರ 'ಸ್ವಾನ್ ಲೇಕ್'ನಲ್ಲಿ ಪಿಯೆರಿನಾ ಲೆನ್ಯಾನಿ ಒಂದೇ ಕಾಲಿನ ಮೇಲೆ ನಿಂತಲ್ಲೇ 32 ಸುತ್ತು ತಿರುಗಿದಳು. ಎಣಿಸಲು ಜನರಿಗೆ ಕಾಲು ಕಾಣಬೇಕಲ್ಲ!

ಆದರೆ ಆ ಕಾಲದ ಫೋಟೊ ತೆಗೆದು ನೋಡಿ. ಲೆನ್ಯಾನಿಯ ಲಂಗ ಮೊಣಕಾಲಿನ ಹತ್ತಿರದವರೆಗೆ ಇದೆ, ಅಂಚು ಕೆಳಗೆ ಬಾಗಿದೆ, ಮಗುಚಿದ ಬಟ್ಟಲಿನ ಹಾಗೆ. ಸೊಂಟದಿಂದ ನೇರವಾಗಿ ತಟ್ಟೆಯಂತೆ ಚಾಚಿಕೊಂಡು, ಕಾಲನ್ನು ಬುಡದಿಂದ ತೋರಿಸುವ ಟುಟು ಇಪ್ಪತ್ತನೇ ಶತಮಾನದ್ದು. ಒಳಗೆ ಉಕ್ಕಿನ ಬಳೆ ಸೇರಿಸಿ ಅದನ್ನು ಮಟ್ಟಸ ನಿಲ್ಲಿಸುತ್ತಾರೆ. ಸಕ್ಕರೆಗೊಂಬೆಯಿಂದ ಕೇಕಿನವರೆಗೆ ಎಲ್ಲರೂ ಬರೆಯುವ 'ಹಳೇ ಕಾಲದ ಬ್ಯಾಲೆ ಹುಡುಗಿ'ಯ ಚಿತ್ರ ಅಷ್ಟೇನೂ ಹಳೆಯದಲ್ಲ.

ಮೂರನೆಯದು ಕಣ್ಣು. ಪ್ಯಾರಿಸ್ ಒಪೆರಾದಲ್ಲಿ ವರ್ಷದ ಚಂದಾ ಕಟ್ಟಿದ ಸಿರಿವಂತ ಗಂಡಸರಿಗೆ ರಂಗದ ಹಿಂದಿನ ನರ್ತನ ಕೋಣೆಗೆ ಪ್ರವೇಶವಿತ್ತು. ನಮ್ಮ ಯಕ್ಷಗಾನದ ಚೌಕಿಗೆ ದುಡ್ಡಿದ್ದವರನ್ನು ಬಿಟ್ಟು ಕೂರಿಸಿದ ಹಾಗೆ ಎಂದುಕೊಳ್ಳಿ, ಆದರೆ ಇವರು ಬರುತ್ತಿದ್ದುದು ಬಣ್ಣಗಾರಿಕೆ ನೋಡಲಿಕ್ಕಲ್ಲ. ಕುಣಿಯುವ ಹುಡುಗಿಯರು ಹೆಚ್ಚಿನವರು ಬಡವರ ಮಕ್ಕಳು. 'ಟುಟು' ಎಂಬ ಮಾತು ಹುಟ್ಟಿದ್ದು ಇಲ್ಲಿಯೇ, ಈ ಅರ್ಥದಲ್ಲಿ ಅದು ಅಚ್ಚಾದದ್ದು 1881ರ ಹೊತ್ತಿಗೆ. ಫ್ರೆಂಚ್ ಮಕ್ಕಳ ಮುದ್ದುಮಾತಿನಲ್ಲಿ ಕುಂಡಿಗೆ 'ಕುಕು' ಎನ್ನುತ್ತಾರೆ, ಅದು ತಿರುಚಿ 'ಟುಟು' ಆಯಿತೆಂಬುದು ನಿಘಂಟುಗಳ ವಿವರಣೆ. ಅಷ್ಟು ನಾಜೂಕಿನ ಉಡುಪಿಗೆ ಅಷ್ಟು ಪೋಲಿ ಹೆಸರು! ಇದನ್ನು ಮಾತ್ರ ಅತ್ತೆಯವರಿಗೆ ಓದಿ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಅದೇ 1881ರಲ್ಲಿ ಚಿತ್ರಕಾರ ಎದ್ಗಾರ್ ದೆಗಾ ಹದಿನಾಲ್ಕು ವರ್ಷದ ಪುಟ್ಟ ನರ್ತಕಿಯ ಮೇಣದ ಬೊಂಬೆಯೊಂದನ್ನು ಪ್ರದರ್ಶನಕ್ಕಿಟ್ಟ. ಅದಕ್ಕೆ ನಿಜವಾದ ಬಟ್ಟೆಯ ಲಂಗ, ಜಡೆಗೆ ನಿಜವಾದ ರಿಬ್ಬನ್. ಮಾದರಿಯಾಗಿ ನಿಂತವಳು ಒಪೆರಾ ಶಾಲೆಯ ಮಾರಿ ವಾನ್ ಗೋಥೆಮ್, ಬಟ್ಟೆ ಒಗೆದು ಬದುಕುವ ತಾಯಿಯ ಮಗಳು. ಜನ ಹುಡುಗಿಯ ಮುಖವನ್ನು ಕಂಡು ಕೋತಿಯಂತಿದೆ ಎಂದು ಹಳಿದರು. ದೆಗಾ ಸತ್ತ ಮೇಲೆ ಅದನ್ನು ಕಂಚಿನಲ್ಲಿ ಎರಕ ಹೊಯ್ದರು, ಆ ಕಂಚಿನ ಪ್ರತಿಗಳಿಗೂ ಬಟ್ಟೆಯದೇ ಲಂಗ. ಲಂಗ ಹಳತಾದಾಗ ವಸ್ತುಸಂಗ್ರಹಾಲಯದವರು ಹೊಸದು ಹೊಲಿಸಿ ತೊಡಿಸುತ್ತಾರೆ. ಒಂದೊಂದು ಊರಿನ ಬೊಂಬೆಯ ಲಂಗ ಒಂದೊಂದು ಉದ್ದ. ಟುಟುವಿನ ಅಳತೆಯ ಜಗಳ ಅಲ್ಲಿಯೂ ಮುಗಿದಿಲ್ಲ.

ಈಗ ಹೊಲಿಗೆಗೆ ಬರುತ್ತೇನೆ, ಏಕೆಂದರೆ ನಿಮ್ಮ ಅಂಗಡಿಯ ಸ್ಕರ್ಟಿಗೂ ರಂಗದ ಟುಟುವಿಗೂ ಇರುವ ನಿಜವಾದ ಅಂತರ ಇಲ್ಲಿದೆ. ಅಂಗಡಿಯದರಲ್ಲಿ ನೆಟ್ಟನ್ನು ಎಲಾಸ್ಟಿಕ್ ಪಟ್ಟಿಗೆ ನೆರಿಗೆ ಹಿಡಿದು ಹೊಲಿದಿರುತ್ತಾರೆ. ರಂಗದ ಟುಟುವಿನಲ್ಲಿ ನೆಟ್ಟನ್ನು ಹೊಲಿಯುವುದು ಚಡ್ಡಿಯ ಮೇಲೆ. ತೊಡೆಯ ಹತ್ತಿರದಿಂದ ಶುರುಮಾಡಿ, ಅತಿ ಗಿಡ್ಡ ಪದರ ಮೊದಲು, ಅದರ ಮೇಲೆ ತುಸು ಉದ್ದದ್ದು, ಹೀಗೆ ಹತ್ತು ಹನ್ನೆರಡು ಪದರ. ಕೆಳಗಿನ ಗಿಡ್ಡ ಪದರಗಳು ಮೇಲಿನವಕ್ಕೆ ಆನಿಕೆ. ಕೊನೆಗೆ ಪದರದಿಂದ ಪದರಕ್ಕೆ ಕೈಯಲ್ಲಿ ಸಡಿಲ ಟಾಕು ಹಾಕಿ ಒಂದನ್ನೊಂದು ಹಿಡಿಸುತ್ತಾರೆ. ಇದಕ್ಕೇ ದಿನಗಟ್ಟಲೆ ಹಿಡಿಯುತ್ತದೆ. ಬೆನ್ನಿಗೆ ಹುಕ್ಕಿನ ಎರಡು ಮೂರು ಸಾಲು, ಒಬ್ಬಳ ಟುಟು ಮುಂದಿನವಳಿಗೂ ಆಗಲಿ ಎಂದು.

ಇದು ನನಗೆ ತಿಳಿದದ್ದು ಪೆಟ್ಟು ತಿಂದು. ತುಂಬ ಹಿಂದೆ ಒಂದು ಶಾಲೆಗೆ ಹನ್ನೆರಡು ಟುಟು ಹೊಲಿದುಕೊಡುವೆನೆಂದು ಒಪ್ಪಿಕೊಂಡೆ. ಮೆತ್ತನೆಯ ನೆಟ್ ತಂದು ಸೊಂಟಪಟ್ಟಿಗೇ ಎಲ್ಲ ಪದರ ಸೇರಿಸಿ ಹೊಲಿದೆ. ಮನೆಯಲ್ಲಿ ಚೆಂದವೇ ಕಂಡಿತು. ಕಾರ್ಯಕ್ರಮದ ಸಂಜೆ ಜಿಟಿಜಿಟಿ ಮಳೆ. ರಂಗಕ್ಕೆ ಬರುವಷ್ಟರಲ್ಲಿ ಹನ್ನೆರಡು ಹಂಸಗಳೂ ನೆನೆದ ಕೋಳಿಯಾಗಿದ್ದವು. ಮಕ್ಕಳಿಗೆ ಅದರ ಪರಿವೆಯೇ ಇರಲಿಲ್ಲ, ನಾನು ಮಾತ್ರ ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ.

ಕಸುಬಿನವರು ಕೈಮುಗಿಯುವ ಹೆಸರೊಂದಿದೆ: ಬಾರ್ಬರಾ ಕರೀನ್‌ಸ್ಕಾ. ಇಂದಿನ ಉಕ್ರೇನಿನ ಖಾರ್ಕಿವ್‌ನಲ್ಲಿ 1886ರಲ್ಲಿ ಹುಟ್ಟಿ, ಕ್ರಾಂತಿಯ ಮೇಲೆ ದೇಶ ಬಿಟ್ಟು, ಪ್ಯಾರಿಸ್, ಲಂಡನ್ ದಾಟಿ ನ್ಯೂಯಾರ್ಕಿನಲ್ಲಿ ನೆಲೆಯಾದವಳು. 1950ರಲ್ಲಿ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ಅವರ 'ಸಿಂಫನಿ ಇನ್ ಸಿ' ಬ್ಯಾಲೆಗೆ ಉಡುಪು ಮಾಡುವಾಗ ಅವಳಿಗೊಂದು ತೊಡಕು ಎದುರಾಯಿತು. ರಂಗದ ಮೇಲೆ ಒಮ್ಮೆಲೇ ಹತ್ತಾರು ಜನ. ಬಳೆ ಹಾಕಿದ ತಟ್ಟೆ ಟುಟುಗಳು ಒಂದಕ್ಕೊಂದು ತಗುಲಿದರೆ ಒಂದು ಬದಿ ತಗ್ಗಿ ಇನ್ನೊಂದು ಬದಿ ಏಳುತ್ತದೆ, ಕೆರೆಯಲ್ಲಿ ದೋಣಿ ತೂಗಿದ ಹಾಗೆ. ಕರೀನ್‌ಸ್ಕಾ ಬಳೆಯನ್ನೇ ತೆಗೆದುಬಿಟ್ಟಳು. ಆರೇಳು ಗಿಡ್ಡ ಪದರ, ಒಂದಕ್ಕಿಂತ ಒಂದು ಅರ್ಧ ಇಂಚು ಉದ್ದ, ಟಾಕು ಸಡಿಲ. ತನ್ನಷ್ಟಕ್ಕೆ ಉಬ್ಬಿ ನಿಲ್ಲುತ್ತದೆ, ತಗುಲಿದರೆ ಬಾಗಿ ಮತ್ತೆ ಏಳುತ್ತದೆ. ಪೌಡರ್ ಪಫ್ ಟುಟು ಎಂದು ಹೆಸರು. ಇಂದು ಮಕ್ಕಳ ಅಂಗಡಿಯಲ್ಲಿ ಕಾಣುವ ಪುಸುಪುಸು ಗಿಡ್ಡ ಸ್ಕರ್ಟ್ ದೂರದ ನೆಂಟಸ್ತಿಕೆಯಲ್ಲಿ ಇದರ ಮನೆಯದು. ಅದೇ ಸುಮಾರಿಗೆ ಹತ್ತಿ, ರೇಷ್ಮೆಯ ಜಾಗಕ್ಕೆ ನೈಲಾನ್ ನೆಟ್ ಬಂದು ಗಂಜಿಯ ಕಾಟವೂ ತಪ್ಪಿತು.

ನಮ್ಮ ದೇಶಕ್ಕೂ ಟುಟುವಿಗೂ ನಂಟಿಲ್ಲವೇ? ಇದೆ, ಸ್ವಲ್ಪ ತಮಾಷೆಯ ನಂಟು. 1838ರಲ್ಲಿ ಪುದುಚೇರಿಯ ಕಡೆಯ ದೇವದಾಸಿಯರ ಒಂದು ಚಿಕ್ಕ ಮೇಳ ಪ್ಯಾರಿಸ್ಸಿಗೆ ಹೋಗಿ ಕುಣಿಯಿತು. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ಕಂಡು ಪ್ಯಾರಿಸ್ಸಿನ ಲೇಖಕರು ಮಾರುಹೋದರು. ಝಾನ್ ಓಗುಸ್ತ್ ಬಾರ್ ಎಂಬ ಶಿಲ್ಪಿ ಹಿಂದಿನ ವರ್ಷವಷ್ಟೇ ತಾಲ್ಯೋನಿಯ ಪುಟ್ಟ ಕಂಚಿನ ಬೊಂಬೆ ಮಾಡಿದ್ದ, ಈ ವರ್ಷ ಅಮ್ಮಣಿಯದನ್ನೂ ಮಾಡಿದ. ಇಷ್ಟಾದರೂ 1877ರಲ್ಲಿ ಮಾರಿಯಸ್ ಪೆಟಿಪ ಪೀಟರ್ಸ್‌ಬರ್ಗಿನಲ್ಲಿ ದೇವದಾಸಿಯ ಕಥೆ ಇಟ್ಟುಕೊಂಡು 'ಲಾ ಬಯಾದೇರ್' ಕಟ್ಟಿದಾಗ ನಾಯಕಿಗೆ ಉಡಿಸಿದ್ದು ಸೀರೆಯಲ್ಲ. ಅದರ ಹೆಸರಾಂತ ದೃಶ್ಯದಲ್ಲಿ ಸಾಲಾಗಿ ಇಳಿದು ಬರುವ ಸತ್ತವರ ನೆರಳುಗಳೆಲ್ಲ ಬಿಳಿ ಟುಟು ತೊಟ್ಟಿರುತ್ತವೆ.

ಇನ್ನೊಂದು ನಂಟು ಹೆಚ್ಚು ಫಲ ಕೊಟ್ಟಿತು. ಹಂಸದ ಟುಟುವನ್ನು ಲೋಕಕ್ಕೆಲ್ಲ ತೋರಿಸಿದ ರಷ್ಯದ ನರ್ತಕಿ ಅನ್ನಾ ಪಾವ್ಲೋವಾ ಎರಡು ಸಲ ಭಾರತಕ್ಕೆ ಬಂದಿದ್ದಳು. ರುಕ್ಮಿಣಿ ದೇವಿ ಅರುಂಡೇಲ್ ಅವಳಿಂದ ಪ್ರೇರಿತರಾಗಿ ಮೊದಲು ಬ್ಯಾಲೆ ಕಲಿಯಲು ಹೊರಟವರು. ನಿನ್ನ ನಾಡಿನ ನೃತ್ಯವನ್ನು ಹುಡುಕು ಎಂದು ಪಾವ್ಲೋವಾಳೇ ಹೇಳಿದಳು. 1936ರಲ್ಲಿ ಮದರಾಸಿನಲ್ಲಿ ರುಕ್ಮಿಣಿ ದೇವಿಯವರ ನೃತ್ಯಶಾಲೆ ಕಲಾಕ್ಷೇತ್ರ ಹುಟ್ಟಿತು. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ 1960ರಲ್ಲಿ ಬ್ರಿಟನ್ನಿನ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೋವಾ ಜೊತೆ 'ರಾಧಾ ಕೃಷ್ಣ' ಕುಣಿದರು. ಜಿಸೆಲ್ ಪಾತ್ರದ ಬಿಳಿ ಲಂಗದಲ್ಲಿ ಹೆಸರಾಗಿದ್ದ ಮಾರ್ಕೋವಾ ಆಗ ರಾಧೆ. ಭರತನಾಟ್ಯದ ಹೊಲಿದ ಉಡುಪಿನ ಬೀಸಣಿಗೆ ನೆರಿಗೆಯನ್ನು ನೋಡಿದಾಗಲೆಲ್ಲ ನನಗೆ ಕಮಾರ್ಗೊ ನೆನಪಾಗುತ್ತಾಳೆ. ಅರೆಮಂಡಿಯಲ್ಲಿ ಕೂತಾಗ ಮೊಣಕಾಲಿನ ಕೋನ ಕಾಣಲಿ ಎಂಬುದಕ್ಕೇ ಅದು ಬಿಚ್ಚಿಕೊಳ್ಳುವುದು. ಒಂದೇ ಕಷ್ಟಕ್ಕೆ ಎರಡು ಊರಿನ ದರ್ಜಿಗಳು ಕಂಡುಕೊಂಡ ಎರಡು ದಾರಿ.

ಬೀದಿಗೆ ಬಂದದ್ದು ಹೇಗೆ ಎಂದು ಕೇಳಿದ್ದೀರಿ. ರಂಗ ಇಳಿದ ಕೂಡಲೇ ಟುಟುವಿಗೆ ಕಾಲು ತೋರಿಸುವ ಕೆಲಸ ಉಳಿಯಲಿಲ್ಲ, ಆಕಾರವಷ್ಟೇ ಉಳಿಯಿತು. ಹಾಗಾಗಿ ಮೊದಲು ಬಂದದ್ದು ಉದ್ದದ್ದೇ. 1947ರಲ್ಲಿ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್ಸಿನಲ್ಲಿ ತೋರಿಸಿದ ಹೊಸ ಮಾದರಿಯಲ್ಲಿ ಸೊಂಟ ಸಣ್ಣ, ಲಂಗ ಮೀನಖಂಡದವರೆಗೆ, ನೆರಿಗೆ ಧಾರಾಳ. ಯುದ್ಧಕಾಲದ ಬಟ್ಟೆ ರೇಷನ್ನಿನಲ್ಲಿ ಬಳಲಿದ ಜನಕ್ಕೆ ಅಷ್ಟೊಂದು ಬಟ್ಟೆ ಒಂದೇ ಲಂಗಕ್ಕೆ ಎಂಬುದೇ ಬೆರಗು, ಕೆಲವರಿಗೆ ಸಿಟ್ಟು. ಅವನ ಸಂಜೆಯ ಗೌನುಗಳಲ್ಲಿ ಟ್ಯೂಲ್ ಪದರಗಳು ತಾಲ್ಯೋನಿಯ ಕಾಲವನ್ನೇ ನೆನಪಿಸುತ್ತಿದ್ದವು. ಬ್ರಿಟನ್ನಿನ ನರ್ತಕಿ ಮಾರ್ಗೋ ಫಾಂಟೇನ್ ಅವನಲ್ಲಿ ಬಟ್ಟೆ ಹೊಲಿಸುತ್ತಿದ್ದಳು.

ಗಿಡ್ಡದ್ದು ಬೀದಿಗೆ ಬಂದದ್ದು ತಡವಾಗಿ, ಬಂದಾಗ ತುಂಟತನ ಮಾಡಲೆಂದೇ ಬಂತು. 1980ರ ದಶಕದಲ್ಲಿ ಪಂಕ್ ಹುಡುಗಿಯರು ದಪ್ಪ ಬೂಟಿನ ಮೇಲೆ ಹರಿದ ನೆಟ್ ಲಂಗ ತೊಟ್ಟರು. 1985ರಲ್ಲಿ ಬ್ರಿಟನ್ನಿನ ಉಡುಪು ವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ವಿಕ್ಟೋರಿಯಾ ರಾಣಿಯ ಕಾಲದ ಬಳೆಲಂಗವನ್ನು ಟುಟುವಿನಷ್ಟು ಮೊಟಕು ಮಾಡಿ 'ಮಿನಿ ಕ್ರಿನಿ' ಎಂದು ಹೆಸರಿಟ್ಟಳು. 1998ರಲ್ಲಿ ಅಮೆರಿಕದ ಟಿವಿ ಧಾರಾವಾಹಿ 'ಸೆಕ್ಸ್ ಅಂಡ್ ದಿ ಸಿಟಿ'ಯ ಶೀರ್ಷಿಕೆ ದೃಶ್ಯದಲ್ಲಿ ನಾಯಕಿ ಬನಿಯನ್ನಿನ ಮೇಲೆ ಬಿಳಿ ಟುಟು ತೊಟ್ಟು ನ್ಯೂಯಾರ್ಕಿನ ರಸ್ತೆಯಲ್ಲಿ ನಡೆದಳು, ಬಸ್ಸು ಕೆಸರು ಎರಚಿತು. ಉಡುಪು ನೋಡಿಕೊಳ್ಳುತ್ತಿದ್ದ ಪೆಟ್ರೀಷಿಯಾ ಫೀಲ್ಡ್ ಆ ಲಂಗವನ್ನು 5 ಡಾಲರಿಗೆ ಕಡಿಮೆ ಬೆಲೆಯ ಮಾಲಿನ ಬುಟ್ಟಿಯಿಂದ ಹೆಕ್ಕಿದ್ದಳು. 2024ರಲ್ಲಿ ಅದು ಹರಾಜಿನಲ್ಲಿ 52,000 ಡಾಲರಿಗೆ ಹೋಯಿತು. ದೊಡ್ಡವರು ಹಗಲುಹೊತ್ತು, ಟೀ ಶರ್ಟಿನ ಮೇಲೆ ಟ್ಯೂಲ್ ಲಂಗ ತೊಡಬಹುದು ಎಂಬ ಧೈರ್ಯಕ್ಕೆ ಈ ದೃಶ್ಯವೇ ಮೂಲ ಎಂದು ನನ್ನ ಲೆಕ್ಕ.

ನನಗೆ ಬಲು ಇಷ್ಟವಾದದ್ದು ಮಾತ್ರ ಟೆನಿಸ್ ಅಂಗಳದ ಟುಟು. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದ ಸೆರೆನಾ ವಿಲಿಯಮ್ಸ್ 2018ರ ಫ್ರೆಂಚ್ ಓಪನ್ನಿನಲ್ಲಿ ಮೈಗಂಟುವ ಕಪ್ಪು ಉಡುಪು ತೊಟ್ಟು ಆಡಿದಳು. ಇನ್ನು ಮುಂದೆ ಅಂಥದ್ದು ನಡೆಯದು, ಆಟಕ್ಕೆ ಗೌರವ ಇರಲಿ ಎಂದು ಫ್ರಾನ್ಸಿನ ಟೆನಿಸ್ ಒಕ್ಕೂಟದ ಅಧ್ಯಕ್ಷರು ಆಗಸ್ಟಿನಲ್ಲಿ ಹೇಳಿದರು. ಅದೇ ತಿಂಗಳ ಕೊನೆಗೆ ನ್ಯೂಯಾರ್ಕಿನ ಯು.ಎಸ್. ಓಪನ್ನಿಗೆ ಅವಳು ಬಂದದ್ದು ಕಪ್ಪು ಟುಟುವಿನಲ್ಲಿ. ಉಡುಪು ವಿನ್ಯಾಸಕ ವರ್ಜಿಲ್ ಅಬ್ಲೋ ಅದನ್ನು ಆ ಮಾತಿಗೆ ಮೊದಲೇ ರೂಪಿಸಿದ್ದ, ಆದರೂ ನೋಡಿದವರಿಗೆ ಅದು ಉತ್ತರದಂತೆಯೇ ಕಂಡಿತು. ಹೆಣ್ಣುಮಕ್ಕಳ ಬಟ್ಟೆ ಹೇಗಿರಬೇಕೆಂದು ಹೇಳುವವರೆದುರು ಅತ್ಯಂತ 'ಹೆಣ್ಣುಮಕ್ಕಳ' ಬಟ್ಟೆಯನ್ನೇ ತೊಟ್ಟು ಗುದ್ದು ಕೊಟ್ಟ ಹಾಗೆ. 2022ರಿಂದೀಚೆಗೆ 'ಬ್ಯಾಲೆಕೋರ್' ಎಂಬ ಹೆಸರಿನಲ್ಲಿ ರಿಬ್ಬನ್ನು, ಚಪ್ಪಟೆ ಜೋಡು, ಟ್ಯೂಲ್ ಎಲ್ಲ ಮತ್ತೆ ಓಡುತ್ತಿವೆ. ಅದರಲ್ಲಿ ಹೇಳುವಂಥ ಹೊಸದೇನೂ ನನಗೆ ಕಂಡಿಲ್ಲ.

ಈಗ ನಿಮ್ಮ ಮಗಳ ಟುಟು. ದರ್ಜಿಯ ಹತ್ತಿರ ಹೊಲಿಸುವುದಾದರೆ 'ಟ್ಯೂಲ್' ಎಂದರೆ ಕಣ್ಣು ಬಿಡುತ್ತಾರೆ, 'ಕ್ಯಾನ್‌ಕ್ಯಾನ್ ನೆಟ್' ಎನ್ನಿ. ಲೆಹಂಗಾ ಉಬ್ಬಿಸಲು ಒಳಗೆ ಹಾಕುತ್ತಾರಲ್ಲ, ಅದೇ ಬಿರುಸು ನೆಟ್. ಕ್ಯಾನ್‌ಕ್ಯಾನ್ ಎಂಬುದು ಕಾಲೆತ್ತಿ ಲಂಗ ಬೀಸುವ ಪ್ಯಾರಿಸ್ಸಿನದೇ ಇನ್ನೊಂದು ಕುಣಿತದ ಹೆಸರು, ತಿರುಗಿ ತಿರುಗಿ ನಮ್ಮ ಲೆಹಂಗಾದೊಳಗೆ ಬಂದು ಕೂತಿದೆ. ಒಳಗಿನ ಎರಡು ಪದರ ಅದರದು, ಮೇಲಿನ ಎರಡು ಮೆತ್ತನೆ ನೆಟ್ಟಿನದು ಇರಲಿ. ಬಿರುಸು ನೆಟ್ ಚರ್ಮಕ್ಕೆ ಚುಚ್ಚುತ್ತದೆ, ಹತ್ತಿಯ ಅಸ್ತರ್ ಬೇಕೇ ಬೇಕು. ಅತ್ತೆಯವರಿಗೆ ಒಳಗಿನ ಚಡ್ಡಿಯ ವಿಷಯ ಹೇಳಿ, ಮೊಣಕಾಲು ಮುಚ್ಚುವ ಲೆಗ್ಗಿಂಗ್ಸ್ ಹಾಕಿಸಿ. ಅಷ್ಟಕ್ಕೂ ಒಪ್ಪದಿದ್ದರೆ ಉದ್ದದ್ದನ್ನೇ ಹೊಲಿಸಿ. ಅದು ಗಿಡ್ಡದಕ್ಕಿಂತ ಹಿರಿಯದು ಎಂದು ಶಾಲೆಯವರಿಗೆ ಧೈರ್ಯವಾಗಿ ಹೇಳಬಹುದು. ಮುಂದೆ ಮಗಳನ್ನು ನಿಜವಾದ ಬ್ಯಾಲೆ ತರಗತಿಗೆ ಸೇರಿಸಿದರೆ ಟುಟು ಕೊಂಡಿಡಬೇಡಿ. ಕಲಿಯುವವರು ಮೈಗಂಟುವ ಲಿಯೊಟಾರ್ಡ್ ತೊಡುತ್ತಾರೆ. ಸೊಂಟ, ಮಂಡಿ ಸರಿಯಾಗಿ ನಿಂತಿದೆಯೇ ಎಂದು ಗುರುಗಳಿಗೆ ಕಾಣಬೇಕು.

ಒಂದೇ ಒಂದು ಎಚ್ಚರಿಕೆ. ಇಂದಿನ ನೈಲಾನ್, ಪಾಲಿಯೆಸ್ಟರ್ ನೆಟ್ ಉರಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ವಾರ್ಷಿಕೋತ್ಸವದಲ್ಲಿ ದೀಪ ಬೆಳಗಿಸುವಾಗ ಈ ಮಕ್ಕಳನ್ನು ಸುತ್ತ ನಿಲ್ಲಿಸಿ ಫೋಟೊ ತೆಗೆಯುವ ಚಟ ನಮ್ಮ ಶಾಲೆಗಳಿಗಿದೆ. ದೀಪದ ಕಂಬದಿಂದ ಮಗಳನ್ನು ದೂರ ನಿಲ್ಲಿಸಲು ಮೊದಲೇ ಹೇಳಿಡಿ, ಬರ್ತ್‌ಡೇ ಕೇಕಿನ ಮೇಣದಬತ್ತಿಗೂ ದೀಪಾವಳಿಯ ಪಟಾಕಿಗೂ ಅದೇ ಮಾತು.

ಮುಗಿದ ಮೇಲೆ ಮಡಚಿ ಬೀರುವಿಗೆ ತುರುಕಬೇಡಿ. ಬ್ಯಾಲೆ ಕಂಪನಿಗಳಲ್ಲಿ ಟುಟುವನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ, ಪದರಗಳು ತಮ್ಮ ಭಾರಕ್ಕೇ ಬಿಡಿಸಿಕೊಳ್ಳಲಿ ಎಂದು. ನಿಮ್ಮ ಮನೆಯಲ್ಲಿ ಒಂದು ಮೊಳೆ, ಎರಡು ಕ್ಲಿಪ್ಪು ಸಾಕು.